ಅತ್ತಿಗೆ ಸುಟ್ಟ ಪುಡಿ

ನಮ್ಮ ಯಜಮಾನರ ಅಕ್ಕ, ನನಗೆ ಅತ್ತಿಗೆ, ಮದುವೆಯಾಗದೆ ನಮ್ಮ ಜೊತೆಗೇ ಇದ್ದರು. ಕಾಲೇಜಿನ ಪ್ರಯೋಗಾಲಯದಲ್ಲಿ ಫರ್ನೇಸು, ಅಂದರೆ ಕರೆಂಟಿನ ಕುಲುಮೆ, ನೋಡಿಕೊಳ್ಳುವ ಕೆಲಸ. ಕಬ್ಬಿಣದ ಉಪ್ಪು, ನಿಕ್ಕಲ್ ಉಪ್ಪು ಕರಗಿಸಿ, ಅಂಟಾಗುವ ತನಕ ಕಾಯಿಸಿ ಹೊತ್ತಿಸಿದರೆ ಹಗುರವಾದ ಕಪ್ಪು ಪುಡಿ ಉಳಿಯುತ್ತದಂತೆ. ಅದನ್ನು ಹದವಾಗಿ ಸುಡುವುದು ಇವರ ಪಾಲು. "ಕಾಲೇಜಲ್ಲಿ ಹದ ನೋಡಿ ಸುಡ್ತಾಳೆ, ಮನೇಲಿ ಹಾಲಿಟ್ರೆ ಉಕ್ಕಿಸ್ತಾಳೆ" ಎಂದು ಯಜಮಾನರು ಕಿಚಾಯಿಸುತ್ತಿದ್ದರು.

ಓದು ಬರಹ ಅಷ್ಟಕ್ಕಷ್ಟೇ ಆದ ನನಗೂ ಅತ್ತಿಗೆ ತಿಳಿಯುವಂತೆ ಹೇಳಿದ್ದರು. ಆ ಪುಡಿಯ ಕಾಳು ಕಣ್ಣಿಗೆ ಕಾಣದಷ್ಟು ಸಣ್ಣದು. ಅಯಸ್ಕಾಂತ ಬಂದರೆ ಎಲ್ಲವೂ ಅತ್ತ ತಿರುಗುತ್ತವೆ, ಅದು ಸರಿದರೆ ಮರೆತುಬಿಡುತ್ತವೆ. ಪ್ರಯೋಗಾಲಯದ ಮುಖ್ಯಸ್ಥೆ ಮೇಡಮ್ಮಿಗೆ ಬೇಕಿದ್ದದ್ದು ಆ ಮರೆವೇ. ಉರಿ ಹೆಚ್ಚಾದರೆ ಕಾಳಿಗೆ ಕಾಳು ಸೇರಿ ದಪ್ಪವಾಗಿ, ಹಟಮಾರಿಗಳಂತೆ ತಿರುಗಿದ ಕಡೆಗೇ ಕೂರುತ್ತವೆ. ಕಾಳು ಕಾಳಿನ ನಡುವಿನ ಗೋಡೆಗಳು ಕಡಿಮೆಯಾಗಿ ಕರೆಂಟೂ ಸಲೀಸಾಗಿ ನುಗ್ಗುತ್ತದೆ. ಆಮೇಲೆ ಎಷ್ಟು ಅರೆದರೂ ಮೊದಲಿನಂತಾಗದು.

ಅತ್ತಿಗೆಯ ಕಣ್ಣಿನ ನರ ಸೋಲುತ್ತಾ ಬಂದಿತ್ತು. ಕನ್ನಡಕದಿಂದ ಆಗುವಂಥದ್ದಲ್ಲ ಎಂದು ಡಾಕ್ಟರು ಕೈಚೆಲ್ಲಿದ್ದರು. ಈ ಸಂಗತಿ ನನಗೊಬ್ಬಳಿಗೇ ಗೊತ್ತು. "ಆ ಫರ್ನೇಸು ಬಿಟ್ರೆ ನಾನು ಯಾವ ಲೆಕ್ಕಕ್ಕೆ ಹೇಳು" ಎಂದು ಬಾಯಿಗೆ ಬೀಗ ಹಾಕಿಸಿದ್ದರು.

ಒಂದು ದಿನ ಸಂಶೋಧನೆಯ ಹುಡುಗಿಯೊಬ್ಬಳ ಪುಡಿ ಕೆಟ್ಟಿತು. ಅಯಸ್ಕಾಂತದ ಗುಣ ಅಳೆಯುವ ಯಂತ್ರ ಎಳೆದ ಗೆರೆ ಹೋದ ದಾರಿಯಲ್ಲೇ ಮರಳಬೇಕಿತ್ತು, ಹೊಟ್ಟೆ ಉಬ್ಬಿಸಿಕೊಂಡು ಬೇರೆ ದಾರಿಯಲ್ಲಿ ಬಂತು; ಕಾಳುಗಳು ಮರೆತಿರಲಿಲ್ಲ. ಉಪ್ಪುಗಳ ಬೆರಕೆಯೇ ತಪ್ಪು, ಇವಳಿಗೆ ಈ ಕೆಲಸ ಒಗ್ಗದು ಎಂದು ಮೇಡಂ ಅವಳನ್ನು ಹೀಗಳೆದರು. ಅತ್ತಿಗೆ ಪಿಂಗಾಣಿ ಬಟ್ಟಲೊಳಗೆ ಬೆರಳಾಡಿಸಿದರು. ಊದಿದರೆ ಹಾರಬೇಕಿದ್ದ ಪುಡಿ ಹೆಂಟೆಗಟ್ಟಿತ್ತು. ಫರ್ನೇಸಿನ ಮೇಲೆ ಶಾಖ ತೋರಿಸುವ ಕೆಂಪು ಅಂಕಿಯನ್ನು ತಾವೇ ತಪ್ಪಾಗಿ ನೋಡಿದ್ದೆಂದು ಅವರಿಗೆ ಆಗಲೇ ಗೊತ್ತಾಯಿತು.

ಅಂದು ರಾತ್ರಿ ಊಟದ ತಟ್ಟೆಯನ್ನು ಪಕ್ಕಕ್ಕೆ ಸರಿಸಿದರು. ಕೆದಕಿ ಕೇಳಿದ ಮೇಲೆ ಎಲ್ಲವೂ ಹೊರಬಂತು.

"ಹೇಳಿದ್ರೆ ನಿಮ್ಮ ಕೆಲಸ ಹೋಗುತ್ತೆ ಅತ್ತಿಗೆ. ಅವಳು ಚಿಕ್ಕೋಳು, ಇನ್ನೊಂದ್ಸಲ ಮಾಡ್ಕೋತಾಳೆ."

"ಚಿಕ್ಕೋಳು ಅಂತ ಅವಳ ತಲೆಗೆ ಕಟ್ಲಾ? ತನ್ನ ಕೈಯೇ ಸರಿಯಿಲ್ಲ ಅಂತ ನಂಬ್ಕೊಂಡ್ಬಿಟ್ಟಿದಾಳೆ ಕಣೆ."

ಮರುದಿನ ಕಾಲೇಜಿನ ತನಕ ನಾನೂ ಹೋದೆ. ಮೆಟ್ಟಿಲು ಹತ್ತುವಾಗ ನನ್ನ ತೋಳು ಹಿಡಿದಿದ್ದವರು ಬಾಗಿಲಲ್ಲಿ ಬಿಟ್ಟರು. ಎಲ್ಲರೆದುರಿಗೇ ಹೇಳಿದರು: "ಬೆರಕೆ ಸರಿಯಾಗೇ ಇದೆ ಮೇಡಂ. ನನಗೆ ಅಂಕಿ ಕಾಣಲ್ಲ. ನಾನೂರು ಡಿಗ್ರಿ ಅಂದ್ಕೊಂಡು ಒಂಬೈನೂರಕ್ಕೆ ಸುಟ್ಟೆ."

 ಬಾಗಿಲ ಬಳಿ ಕುರ್ಚಿ ಹಾಕಿಸುತ್ತೇನೆ, ಬಂದವರನ್ನು ವಿಚಾರಿಸುತ್ತಾ ಕೂತಿರಿ ಎಂದರು ಮೇಡಂ. ಅತ್ತಿಗೆ ಒಪ್ಪಲಿಲ್ಲ. ಬಿಸಿ ಬಟ್ಟಲನ್ನು ಇಕ್ಕುಳದಲ್ಲಿ ಹಿಡಿಯುವ ಬಗೆಯನ್ನು ಆ ಹುಡುಗಿಗೆ ತೋರಿಸಿಕೊಟ್ಟು, ಕೆಲಸ ಬಿಟ್ಟು ಹೊರಟರು.

ಆಮೇಲೆ ಬಹಳ ವರ್ಷ ಬದುಕಿದ್ದರು. ಪ್ರಯೋಗಾಲಯದ ಮಾತನ್ನು ಅವರಾಗಿ ಎಂದೂ ಎತ್ತಲಿಲ್ಲ, ನಾನೂ ಕೇಳಲಿಲ್ಲ.