ಮೆಟ್ಟಿಲಿಲ್ಲದ ಮನೆಯ ಹಾಡು

ಕೋವಿಡ್ ಮುಗಿದು ಮದುವೆಗಳು ಮತ್ತೆ ಗದ್ದಲದಿಂದ ನಡೆಯತೊಡಗಿದ ವರ್ಷ. ಮೆಲ್ಕಾರ್‌ನಲ್ಲಿ ಮೆಡಿಕಲ್ ಅಂಗಡಿಯ ಮೇಲಿನ ಮಾಳಿಗೆಯಲ್ಲಿ ನನ್ನದೊಂದು ಸಣ್ಣ ರೆಕಾರ್ಡಿಂಗ್ ಸ್ಟುಡಿಯೋ. ಸೌಂಡ್ ಎಂಜಿನಿಯರ್ ಆಗಿ ಅದು ನನ್ನ ಹದಿನೆಂಟನೇ ವರ್ಷ. ಭಜನೆ, ಜಾಹೀರಾತು, ತುಳು ನಾಟಕದ ಹಾಡು, ಎಲ್ಲ ಮಾಡಿ ಕೈ ಪಳಗಿತ್ತು. ಕಿವಿಯೂ ಪಳಗಿದೆ ಎಂದುಕೊಂಡಿದ್ದೆ.

ಒಂದು ಶನಿವಾರ ಬೆಳಿಗ್ಗೆ ಲಾಯಿಲದಿಂದ ದಿನೇಶ ಹೆಂಡತಿ ಸುಜಾತಾಳೊಂದಿಗೆ ಬಂದ. ಅವನು ಮೂಡುಬಿದಿರೆಯಲ್ಲಿ ನನ್ನ ಕಾಲೇಜು ಸಹಪಾಠಿ. ಅವಳು ಮದುವೆಗೆ ಮೊದಲು ಆರ್ಕೆಸ್ಟ್ರಾದಲ್ಲಿ ಕೀಬೋರ್ಡ್ ನುಡಿಸುತ್ತಿದ್ದವಳು.

"ಇವಳೊಂದು ಹಾಡು ಕಟ್ಟಿದ್ದಾಳೆ ಮಾರಾಯ. ಮೆಹಂದಿಗೆ ಕುಣಿಯುವ ಹಾಗೆ ಉಂಟು" ಎಂದ ದಿನೇಶ.

ನಿಜಕ್ಕೂ ಹಾಗೇ ಇತ್ತು. ಎಂಬತ್ತರ ದಶಕದ ಡಿಸ್ಕೋ ಧಾಟಿ, ಓಡುವ ಬೇಸ್, ಚಪ್ಪಾಳೆಯ ತಾಳ. ಕೀಬೋರ್ಡ್ ಮುಗಿಯುವವರೆಗೂ ದಿನೇಶ ಕಾಲು ಕುಣಿಸುತ್ತ ಕೂತಿದ್ದ. ಆಮೇಲೆ ಚಹಾ ಪಾರ್ಸೆಲ್ ತರುತ್ತೇನೆಂದು ಕಲ್ಲಡ್ಕಕ್ಕೆ ಬೈಕ್ ಹತ್ತಿದ.

ಅವನು ಹೋದ ಮೇಲೆಯೇ ಸುಜಾತಾ ಪದ ಹಾಡಿದ್ದು:

"ಮೆಟ್ಟಿಲು ಜಾರಿ ಬಿದ್ದೆನೆಂದೆ
ಮೆಟ್ಟಿಲಿಲ್ಲದ ಮನೆಯಲ್ಲಿ..."

ನಾನು ಹೆಡ್‌ಫೋನ್ ತೆಗೆದು ಕೇಳಿದೆ, "ಇಷ್ಟು ಖುಷಿಯ ಟ್ಯೂನಿಗೆ ಇಂಥ ಪದ ಯಾಕಮ್ಮ?"

ಅವಳು ಬಾಗಿಲ ಕಡೆ ನೋಡಿ ಹೇಳಿದಳು, "ಟ್ಯೂನ್ ಖುಷಿಯದ್ದಾದರೆ ಯಾರೂ ತಡೆಯುವುದಿಲ್ಲ ಸರ್."

ಉಲ್ಲಾಸದ ಹಳೆಯ ಧಾಟಿ, ಒಳಗೆ ಕಹಿ ಪದ: ಈಗ ಸ್ವತಂತ್ರವಾಗಿ ಹಾಡು ಮಾಡುವವರ ಇಂಡಿ ಪಾಪ್‌ನಲ್ಲಿ ಅದೊಂದು ಶೈಲಿ. ಇದೂ ಅಂಥದ್ದೇ ಎಂದುಕೊಂಡು ಮುಂದೆ ಕೇಳಲಿಲ್ಲ.

ಮಿಕ್ಸಿಂಗ್ ಎಂದರೆ ಬೇರೆ ಬೇರೆಯಾಗಿ ಧ್ವನಿಮುದ್ರಿಸಿದ್ದನ್ನು ಒಂದುಗೂಡಿಸಿ, ಯಾವುದು ಮುಂದೆ, ಯಾವುದು ಹಿಂದೆ ಎಂದು ತೀರ್ಮಾನಿಸುವ ಕೆಲಸ. "ಪದ ಸ್ವಲ್ಪ ಸ್ಪಷ್ಟ ಇರಲಿ ಸರ್" ಎಂದಳು ಸುಜಾತಾ. ಅಷ್ಟರಲ್ಲಿ ಚಹಾ ತಂದಿದ್ದ ದಿನೇಶ ನಕ್ಕ. "ಕುಣಿಯುವಾಗ ಪದ ಯಾರು ಕೇಳ್ತಾರೆ? ಬೀಟ್ ಏರಿಸು."

ನಾನು ಬೀಟ್ ಏರಿಸಿದೆ. ಅವಳ ದನಿಗೆ ದೊಡ್ಡ ಹಾಲ್‌ನ ಪ್ರತಿಧ್ವನಿಯಂಥ ರಿವರ್ಬ್ ಸೇರಿಸಿದೆ. ಪದಗಳು ಒಂದರೊಳಗೊಂದು ಕರಗಿಹೋದವು. "ಚಂದ ಬಂತು" ಎಂದು ನಾನೇ ಹೇಳಿದೆ. ಅವಳು ಎದ್ದು ಬ್ಯಾಗ್ ಹೆಗಲಿಗೆ ಹಾಕಿಕೊಂಡಳು.

ಆ ಬೇಸಿಗೆಯಲ್ಲಿ ಬಂಟ್ವಾಳದಿಂದ ಬೆಳ್ತಂಗಡಿಯವರೆಗೆ ಎಷ್ಟೋ ಮೆಹಂದಿಗಳಲ್ಲಿ ಜನ ಅದಕ್ಕೆ ಕುಣಿದರು. ನಾನೂ ಒಂದು ಕಡೆ ಕುಣಿದೆ.

ಎರಡು ವರ್ಷದ ಬಳಿಕ ಸುಜಾತಾ ಮತ್ತೆ ಬಂದಳು. ಜೊತೆಗೆ ದುಬೈಯಲ್ಲಿ ಕೆಲಸದಲ್ಲಿದ್ದ ಅವಳ ಅಣ್ಣ. ಅವಳ ಎಡಗಡೆ ಕೂತು ನಾನು ಮಾತಾಡಿಸಿದಾಗ ಅವಳು ಪೂರ್ತಿ ತಿರುಗಿ ನೋಡಿದಳು.

"ಆ ಕಿವಿ ಕೇಳುವುದಿಲ್ಲ ಸರ್. ಹೋದ ವರ್ಷ ಅವರು ಹೊಡೆದದ್ದು."

ನಾನು ಕುರ್ಚಿಯನ್ನು ಅವಳ ಬಲಗಡೆಗೆ ಎಳೆದುಕೊಂಡೆ. ಆಮೇಲೆ ಅವಳೇ ಹೇಳಿದಳು. ಫೋನ್, ಮೆಸೇಜ್ ಎಲ್ಲವನ್ನೂ ದಿನೇಶ ನೋಡುತ್ತಿದ್ದ. ಹಾಡಾದರೆ ಅವನೇ ಖುಷಿಯಿಂದ ಎಲ್ಲರಿಗೂ, ದುಬೈಯ ಅಣ್ಣನಿಗೂ, ಕಳಿಸುತ್ತಾನೆ; ಮೆಟ್ಟಿಲೇ ಇಲ್ಲದ ಲಾಯಿಲದ ಮನೆ ನೋಡಿದ್ದ ಅವನಿಗೆ ಆ ಎರಡು ಸಾಲು ಸಾಕು ಎಂದು ಅವಳ ಲೆಕ್ಕ.

"ಬೀಟ್ ಸೂಪರ್ ಅಂತ ಉತ್ತರ ಹಾಕಿದ್ದೆ" ಎಂದ ಅಣ್ಣ, ತಲೆ ಎತ್ತದೆ.

"ನನಗಾದರೂ ಹೇಳಬಹುದಿತ್ತಲ್ಲ ಅಮ್ಮ?"

"ನೀವು ಅವರ ಸ್ನೇಹಿತರು ಸರ್. ಆದರೂ ಅರ್ಧ ಹೇಳಿದ್ದೆ."

ದಿನೇಶನ ಮೇಲೆ ಕೋರ್ಟಿನಲ್ಲಿ ಕೇಸ್ ನಡೆಯುತ್ತಿತ್ತು. ವಕೀಲರಿಗೆ ಕೊಡಲು ಸಂಗೀತವಿಲ್ಲದ ದನಿ ಬೇಕಿತ್ತು. ಹಳೆಯ ಹಾರ್ಡ್ ಡಿಸ್ಕ್ ಹುಡುಕಿ, ಉಳಿದದ್ದನ್ನೆಲ್ಲ ಮ್ಯೂಟ್ ಮಾಡಿ ಹಾಕಿದೆ. ಒಂದೊಂದು ಅಕ್ಷರವೂ ಕೇಳಿಸಿತು. ಅಣ್ಣ ಎದ್ದು ಹೊರಗೆ ಹೋದ. ಸುಜಾತಾ ಬಲಗಿವಿಗೆ ಹೆಡ್‌ಫೋನ್ ಒತ್ತಿಕೊಂಡು ಕೊನೆಯವರೆಗೂ ಕೇಳಿದಳು.

ಕೇಸ್ ಅವಳ ಪರವಾಯಿತು. ಕಿವಿ ಮಾತ್ರ ಸರಿಯಾಗಲಿಲ್ಲ. ಈಗ ಯಾರೇ ಬಂದರೂ ಮೊದಲು ಬರೀ ದನಿಯನ್ನು ಕೇಳುತ್ತೇನೆ. ಪದದಲ್ಲಿ ಏನಾದರೂ ವಿಚಿತ್ರವೆನಿಸಿದರೆ ಯಾಕೆಂದು ಕೇಳುತ್ತೇನೆ. ಅರ್ಧ ಉತ್ತರ ಬಂದರೆ ಜೊತೆಗೆ ಬಂದವರನ್ನು ಹೊರಗೆ ಕಳಿಸಿ ಮತ್ತೊಮ್ಮೆ ಕೇಳುತ್ತೇನೆ. ಆ ಹದಿನೆಂಟು ವರ್ಷದ ಕೆಲಸ ನನಗೆ ಇಷ್ಟನ್ನು ಕಲಿಸಬೇಕಿತ್ತು. ಕಲಿಸಿದ್ದು ಸುಜಾತಾ.