ಗೆರಟೆಯಡಿಯ ನೆಲಸಂಪಿಗೆ

ಪಿಕ್ಕಾಸಿಗೆ ಠಕ್ಕೆಂದು ಏನೋ ತಾಗಿತು. ಕಲ್ಲೆಂದುಕೊಂಡು ಬಗ್ಗಿ ನೋಡಿದರೆ ಬೋರಲು ಹಾಕಿದ ತೆಂಗಿನ ಚಿಪ್ಪು, ಗೆರಟೆ. ಎತ್ತಿದೊಡನೆ ಶುಂಠಿಗೂ ಕರ್ಪೂರಕ್ಕೂ ನಡುವಿನ ಒಂದು ವಾಸನೆ ಬಂತು, ನೆಲಸಂಪಿಗೆ ಗೆಡ್ಡೆಯದ್ದು. ನಾನು ಅಲ್ಲೇ ಕುಕ್ಕರಿಸಿ ಕುಳಿತೆ.

ಮಳೆ ಹಿಡಿಯುವ ಮುಂಚೆ ಅಂಗಳದ ಹೂವಿನ ಪಾತಿಯನ್ನು ಸರಿಮಾಡಲೇಬೇಕಿತ್ತು. ಹಳದಿ ಹೂವಿನ ಬಳ್ಳಿಯೊಂದು ಎಲ್ಲಿಂದಲೋ ಬಂದು, ಪಾತಿ ಯಾವುದು ಕಾಡು ಯಾವುದು ತಿಳಿಯದಂತೆ ಹಬ್ಬಿತ್ತು. ಎರಡು ವರ್ಷದಿಂದ ನೆಲಸಂಪಿಗೆಯ ಒಂದು ಹೂವೂ ಕಂಡಿರಲಿಲ್ಲ. ಸತ್ತೇಹೋಗಿದ್ದರೆ? ಆ ಹೆದರಿಕೆಗೇ ಕೈಹಾಕದೆ ದಿನ ದೂಡಿದ್ದೆ. ನನ್ನ ಗಿಡವಾಗಿದ್ದರೆ ಇಷ್ಟು ತಳಮಳವಿರುತ್ತಿರಲಿಲ್ಲ. ಅದು ಆಚೆಮನೆ ದೊಡ್ಡಮ್ಮನದ್ದು.

ಕುಂಬ್ರದಲ್ಲಿ ನಾವು ಮನೆ ಮಾಡಿದ ಹೊಸತರಲ್ಲಿ ಅವರನ್ನು ಕಂಡರೆ ನನಗೆ ಕಿರಿಕಿರಿ. ಬೇಲಿ ದಾಟಿ ಬಂದವರು ಕುಳಿತುಕೊಳ್ಳದೆ, ಮಾತಾಡುತ್ತಲೇ ನನ್ನ ಪಾತಿಯ ಕಳೆ ಕೀಳುವರು. ಪ್ರತಿ ಪತ್ತನಾಜೆಗೆ, ಊರಿನ ಭೂತಕೋಲ, ನೇಮಗಳೆಲ್ಲ ಮುಗಿದು ಮಳೆ ಕಾಯುವ ಆ ದಿನ, ತಮ್ಮ ಗೆಡ್ಡೆಗಳನ್ನು ಕಿತ್ತು ಎರಡು ಪಾಲು ಮಾಡುವರು. ಒಂದು ಅವರಿಗೆ, ಒಂದು ಬೇರೆಯವರಿಗೆ.

"ನನ್ನಲ್ಲಿ ಗಿಡ ಸತ್ತರೆ ನಿನ್ನಲ್ಲಿ ಕೇಳ್ಲಿಕ್ಕೆ ಬರಬಹುದಲ್ಲ?"

ಚಳಿಗೆ ಎಲೆ ಒಣಗಿ ನೆಲ ಬರಿದಾದಾಗ, ಗೆಡ್ಡೆ ಮಲಗಿದ ಜಾಗಕ್ಕೆ ಗೆರಟೆ ಮುಚ್ಚುವರು. "ಎಂತದೂ ಕಾಣುದಿಲ್ಲ ಅಂತ ಅಗೆದುಬಿಡ್ಬೇಡ ಮಾರಾಯ್ತಿ, ಅಡಿಯಲ್ಲಿ ಉಂಟು."

ಆಮೇಲೆ ರಸ್ತೆ ಅಗಲವಾಯಿತು. ಅವರ ಮನೆ, ಪಾತಿ ಎರಡೂ ಹೋದವು. ಕಡಬದ ತಮ್ಮನ ಮನೆಗೆ ಹೊರಟ ದಿನ, ಇದ್ದ ಗೆಡ್ಡೆಯನ್ನೆಲ್ಲ ನನ್ನ ಪಾತಿಯ ಮೂಲೆಯಲ್ಲಿ ಹೂತು ಗೆರಟೆ ಮುಚ್ಚಿದರು.

"ಅಲ್ಲಿ ಅಂಗಳಕ್ಕೆಲ್ಲ ಇಂಟರ್‌ಲಾಕ್ ಹಾಕಿದ್ದಾರೆ. ಎಲ್ಲಿಯಾದರೂ ಸ್ವಲ್ಪ ಮಣ್ಣು ಉಂಟಾ ನೋಡ್ತೇನೆ. ಪತ್ತನಾಜೆಗೆ ನನ್ನ ಪಾಲು ತೆಗೆದಿಡು, ಬರ್ತೇನೆ."

ಮಣ್ಣಿನ ಕೈಯಲ್ಲೇ ರಿಕ್ಷಾ ಹತ್ತಿದರು... ಪತ್ತನಾಜೆಗೆ ಬರಲಿಲ್ಲ. ಆ ಮಳೆಗಾಲದಲ್ಲಿ ಅವರು ತೀರಿಹೋದ ಸುದ್ದಿ ಬಂತು. ಆಮೇಲೆ ಪ್ರತಿ ವರ್ಷವೂ ನಾನೇ ಗೆರಟೆ ಮುಚ್ಚುತ್ತಿದ್ದೆ, ಬಳ್ಳಿ ಹಬ್ಬುವ ತನಕ.

ಗೆಡ್ಡೆಗಳಿಗೆ ಜೀವವಿತ್ತು. ಒಂದರ ಮೇಲೊಂದು ಹತ್ತಿ ಸಣಕಲಾಗಿದ್ದವು. ಬಿಡಿಸಿ ಎರಡು ಪಾಲು ಮಾಡಿದೆ. ನನ್ನದನ್ನು ಹಸನು ಮಾಡಿದ ಪಾತಿಯಲ್ಲಿ ನೆಟ್ಟೆ. ಇನ್ನೊಂದನ್ನು ಬುಟ್ಟಿಯಲ್ಲಿ ಹಿಡಿದುಕೊಂಡು ಬೇಲಿಯಿದ್ದ ಕಡೆಗೆ ಹೋದೆ. ಅಲ್ಲೀಗ ರಸ್ತೆ. ಸುಳ್ಯದ ಬಸ್ಸೊಂದು ಹಾದುಹೋಯಿತು. ಹಿಂದಕ್ಕೆ ಬಂದೆ.

ನಾಳೆ ಪತ್ತನಾಜೆ. ಬುಟ್ಟಿ ಇನ್ನೂ ಜಗಲಿಯಲ್ಲಿದೆ. ನಾನು ಹತ್ತು ಸಲ ಎದ್ದು ಹೋಗಿ ನೋಡುವುದನ್ನು ಕಂಡು ಗಂಡ, "ಎಲ್ಲ ಒಟ್ಟಿಗೆ ನೆಟ್ಟುಬಿಡ್ಲಿಕ್ಕಾಗುದಿಲ್ವಾ ನಿನಗೆ?" ಎಂದರು.

ನೆಡಬಹುದು. ದೊಡ್ಡಮ್ಮ ಬರುವುದಿಲ್ಲವೆಂದು ನನಗೇನು ಗೊತ್ತಿಲ್ಲವೇ? ಆದರೆ ಎಲ್ಲವನ್ನೂ ನನ್ನಲ್ಲೇ ನೆಟ್ಟರೆ, ನನ್ನಲ್ಲಿ ಸತ್ತ ದಿನ ಕೇಳಲು ನಾನು ಯಾರ ಮನೆಗೆ ಹೋಗಲಿ?