ಗುರಪ್ಪಣ್ಣನವರ ಕೈ

ಗುರಪ್ಪಣ್ಣನವರು ಲಿಂಬೆಹಣ್ಣನ್ನು ಕಣ್ಣಿನಿಂದ ನೋಡುತ್ತಿರಲಿಲ್ಲ. ಇಂಡಿ ಪಟ್ಟಣದ ತಮ್ಮ ದಲಾಲಿ ಅಂಗಡಿಯ ಕಟ್ಟೆಯ ಮೇಲೆ ಕುಳಿತು, ಎದುರಿನವರೊಡನೆ ಮಾತಾಡುತ್ತಲೇ ರಾಶಿಯೊಳಗೆ ಕೈಯಾಡಿಸುವರು. ತೆಳುಸಿಪ್ಪೆಯದು ಬಲಕ್ಕೆ, ದಪ್ಪಸಿಪ್ಪೆಯದು ಎಡಕ್ಕೆ, ಒಳಗೆ ಕೆಟ್ಟದ್ದು ಹಿಂದಕ್ಕೆ. ಸಿಂದಗಿಯ ವ್ಯಾಪಾರಿಯೊಬ್ಬ ಒಮ್ಮೆ ಅವರ ಕಣ್ಣಿಗೆ ವಸ್ತ್ರ ಕಟ್ಟಿ ಪರೀಕ್ಷಿಸಿದ. ಒಂದು ಹಣ್ಣೂ ತಪ್ಪಲಿಲ್ಲ.

“ಕಣ್ಣು ಬಣ್ಣಕ್ಕ ಮರುಳಾಗ್ತೈತ್ರಿ, ಬೆರಳು ಆಗೂದಿಲ್ಲ” ಎಂದು ನಕ್ಕಿದ್ದರು.

ಅವರು ಫ್ರೀಮೇಸನ್ನರ ಲಾಡ್ಜ್ ಒಂದಕ್ಕೆ ಮುಖ್ಯಸ್ಥರೂ ಆಗಿದ್ದರು. ಜಾತಿ, ಧರ್ಮದ ಮಾತನ್ನು ಬಾಗಿಲ ಹೊರಗಿಟ್ಟು, ಒಬ್ಬರನ್ನೊಬ್ಬರು ಸಹೋದರ ಎಂದು ಕರೆಯುವ ಸಂಘ ಅದು. ತಿಂಗಳಿಗೊಮ್ಮೆ ಕರಿ ಕೋಟು ತೊಟ್ಟು ಪರವೂರಿನ ಸಭೆಗೆ ಹೊರಟರೆ ಚಹಾದಂಗಡಿಯವನು ಚೇಷ್ಟೆ ಮಾಡದೆ ಬಿಡುತ್ತಿರಲಿಲ್ಲ.

“ಸಾವ್ಕಾರ್ರ, ಮನ್ಯಾಗ ಹಾಸಿಗಿ ಇಲ್ಲೇನ್ರಿ, ಲಾಡ್ಜಿಗೆ ಹೊಂಟೀರಿ?”

“ಹಾಸಿಗಿ ಐತೋ. ನಿಮ್ಮವ್ವ ಬೈತಾಳಂತ ಹೊಂಟೇನಿ!” ತಮ್ಮ ಹೆಂಡತಿಯನ್ನು ಅವರು ಊರಿಗೆಲ್ಲ ಅವ್ವ ಎಂದೇ ಹೇಳುತ್ತಿದ್ದರು.

ಪಕ್ಕದ ಪೈಪಿನ ಅಂಗಡಿ ನನ್ನದು. ಮೆಟ್ರಿಕ್‌ಗೆ ಓದು ನಿಲ್ಲಿಸಿದ ನನ್ನನ್ನು ಲಾಡ್ಜಿಗೆ ಸೇರಿಸಿದವರು ಅವರೇ. ಅವರ ಅಂಬಾಸಿಡರ್ ಕಾರಿನ ಮುಂದಿನ ಸೀಟಿನಲ್ಲಿ, ಅವರ ಮಾತು ಕೇಳುತ್ತ ಹೋಗಿಬರುವ ಆ ದಾರಿಗಾಗಿ ತಿಂಗಳೆಲ್ಲ ಕಾಯುತ್ತಿದ್ದೆ.

ತೊಂಬತ್ತರ ದಶಕದ ಕೊನೆಯಲ್ಲಿ ಅವರು ತಮ್ಮ ಬಾಲ್ಯದ ಗೆಳೆಯ, ಗೋಣಿಚೀಲದ ವ್ಯಾಪಾರಿ ದಸ್ತಗೀರ ಸಾಹೇಬರ ಹೆಸರನ್ನು ಲಾಡ್ಜಿಗೆ ಸೂಚಿಸಿದರು. ಬಹಳ ಹಿಗ್ಗಿನಲ್ಲಿದ್ದರು.

“ಇನ್ನ ಮೂರು ಮಂದಿ ಹೋಗೂನು ತಮ್ಮಾ. ನೀ ಹಿಂದ ಕೂಡು, ಅವನ ಕಾಲು ಉದ್ದ ಅದಾವು.”

ಅಷ್ಟೇ ಮಾತು. ಅದು ನನ್ನನ್ನು ಸುಟ್ಟಿತು.

ಹೊಸಬರನ್ನು ಸೇರಿಸಲು ನಮ್ಮಲ್ಲಿ ಗುಟ್ಟಿನ ಮತ ಹಾಕುತ್ತಿದ್ದರು. ಪೆಟ್ಟಿಗೆಯ ಕತ್ತಲೆಯಲ್ಲಿ ಕೈಯಿಟ್ಟು, ತಡಕಿ ಆರಿಸಬೇಕು. ಒಪ್ಪಿಗೆಗೆ ಬಿಳಿಯ ಗುಂಡು, ಬೇಡವೆನ್ನಲು ಚೌಕಾಕಾರದ ಕರಿ ಕಾಯಿ. ಒಂದೇ ಕರಿ ಕಾಯಿ ಬಿದ್ದರೂ ಆ ಮನುಷ್ಯ ಒಳಗೆ ಬರುವಂತಿಲ್ಲ. ಹಾಕಿದವರು ಯಾರೆಂದು ಕೇಳುವಂತಿಲ್ಲ.

ನಾನು ಕರಿ ಕಾಯಿ ಹಾಕಿದೆ.

ಪೆಟ್ಟಿಗೆ ತೆರೆದ ಗುರಪ್ಪಣ್ಣನವರು ಬಹಳ ಹೊತ್ತು ತಲೆ ಎತ್ತಲಿಲ್ಲ. ಸಭೆ ಮುಗಿದ ಮೇಲೆ ಎಲ್ಲರ ಕೈ ಕುಲುಕಿದರು.

ಮರುದಿನ ನನ್ನನ್ನೂ ಕರೆದುಕೊಂಡು ಸಾಹೇಬರ ಅಂಗಡಿಗೆ ಹೋಗಿ ಸುದ್ದಿ ಹೇಳಿದರು. ಸಾಹೇಬರು ಚೀಲದ ಬಾಯಿ ಹೊಲಿಯುವುದನ್ನು ನಿಲ್ಲಿಸಿದರು.

“ಗುರ್ಯಾ, ಖರೇ ಹೇಳು. ನಾ ಸಾಬ ಅಂತ ಯಾರರೆ ಬ್ಯಾಡಂದ್ರೇನು?”

“ಇಲ್ಲೋ ಮಾರಾಯ. ಹಾಕಿದಾಂವ ನಾನ. ಬೆರಳು ಜೋಮು ಹಿಡದಿದ್ದುವು. ಗುಂಡು ಅಂತ ತಿಳದು ಕರೇದು ಹಾಕಿಬಿಟ್ಟೆ.”

“ಹಂಗಾರ ಮತ್ತೊಮ್ಮೆ ಹಾಕಿಸು.”

“ಬಿದ್ದದ್ದು ಬಿತ್ತು. ತಿರುಗಿ ತೆಗಿಯೂ ನೇಮ ಇಲ್ಲ.”

ಸಾಹೇಬರು ಗೆಳೆಯನ ಮುಖ ನೋಡಿದರು. ಆಮೇಲೆ ನಕ್ಕರು. “ಮುದಕ ಆದಿ ಬಿಡಲೇ!” ಎಂದು ಚಹಾ ತರಿಸಿದರು. ಆ ಚಹಾ ನಾನೂ ಕುಡಿದೆ.

ಗುರಪ್ಪಣ್ಣನವರು ಲಾಡ್ಜಿನ ಕುರ್ಚಿ ಬಿಟ್ಟುಕೊಟ್ಟರು. ಆ ಸುಳ್ಳು ನಿಜವೆಂದೇ ಉಳಿಯಲೆಂದು ಲಿಂಬೆಯ ರಾಶಿಗೆ ಕೈಹಾಕುವುದನ್ನೂ ಬಿಟ್ಟರು. ಯಾರಾದರೂ ಕೇಳಿದರೆ “ಬೆರಳು ಸತ್ತಾವ್ರಿ” ಎನ್ನುವರು. ಆಳುಗಳು ಹಣ್ಣು ಆರಿಸುವಾಗ ಎರಡೂ ಕೈಗಳನ್ನು ಮೊಣಕಾಲ ನಡುವೆ ಇಟ್ಟುಕೊಂಡು ಕೂಡುತ್ತಿದ್ದರು. ಪಕ್ಕದಂಗಡಿಯಿಂದ ಅದನ್ನು ನಾನು ದಿನಾಲೂ ನೋಡುತ್ತಿದ್ದೆ.

ಕೆಲವು ವರ್ಷಗಳ ನಂತರ ಅವರು ಹಾಸಿಗೆ ಹಿಡಿದರು. ನಾಲ್ಕು ಲಿಂಬೆಹಣ್ಣು ಒಯ್ದು ಅವರ ಕೈಯಲ್ಲಿಟ್ಟೆ. ಕಣ್ಣು ಮುಚ್ಚಿಕೊಂಡೇ ಒಂದನ್ನು ಪಕ್ಕಕ್ಕೆ ಸರಿಸಿದರು.

“ಇದರಾಗ ರಸ ಇಲ್ಲ, ತಮ್ಮಾ.”

“ಅಣ್ಣಾರ, ಆ ಕರಿ ಕಾಯಿ...”

“ಗೊತ್ತೈತಿ. ಅವತ್ತ ಕೈ ಕುಲುಕಿದಾಗ ನಿನ್ನ ಅಂಗೈ ನೀರಾಗಿತ್ತು.” ಸರಿಸಿದ ಹಣ್ಣನ್ನು ನನ್ನ ಕೈಗೆ ಕೊಟ್ಟರು. “ನನಗ್ಯಾಕ ಹೇಳ್ತಿ? ಅವಗ ಹೇಳು.”

ಎಂಟು ದಿನಕ್ಕೆ ಹೋಗಿಬಿಟ್ಟರು. ಮಣ್ಣು ಕೊಡುವಾಗ ದಸ್ತಗೀರ ಸಾಹೇಬರು ನನ್ನ ಪಕ್ಕದಲ್ಲಿಯೇ ಇದ್ದರು. “ಜಲ್ಮದಾಗ ಒಮ್ಮೆ ತಪ್ಪಿತು ಅವನ ಕೈ. ಅದೂ ನನ್ನ ಪಾಲಿಗೆ ನೋಡ್ರಿ” ಎಂದು ನಗಲು ಹೋಗಿ ಅತ್ತರು. ಅವರ ಭುಜ ಹಿಡಿದುಕೊಂಡೆ. ಬಾಯಿ ತೆರೆಯಲಿಲ್ಲ.

ಸಾಹೇಬರು ಈಗಲೂ ಗೋಣಿಚೀಲದ ಅಂಗಡಿಯಲ್ಲಿ ಕೂಡುತ್ತಾರೆ. ಇದನ್ನು ಬರೆದು ಮೊದಲು ಅವರಿಗೇ ಕೊಡುತ್ತಿದ್ದೇನೆ. ಸಾಹೇಬರೇ, ಅಣ್ಣನವರ ಕೈ ಅವತ್ತೂ ತಪ್ಪಿರಲಿಲ್ಲ. ಕರಿ ಕಾಯಿ ಹಾಕಿದವನು ನಾನು.